ಅಮ್ಮಣಿಯ ನಗುವಿಗೊಂದು ಕ್ಯಾಮೆರಾ

"ಒಂದು ಕಣ್ಣು ಮುಚ್ಚಿ ಗುರುವಪ್ಪಣ್ಣ. ಎರಡೂ ಬಿಟ್ಟುಕೊಂಡು ನೋಡಿದರೆ ಎಂತ ಕಾಣ್ತದೆ?" ಎಂದ ಕ್ಯಾಮೆರಾ ಅಂಗಡಿಯ ಉಮ್ಮರ್.

ಗುರುವಪ್ಪ ಎಡಗಣ್ಣು ಮುಚ್ಚಿದ. ದೊಡ್ಡ ಕ್ಯಾಮೆರಾದ ಕಿಂಡಿಯೊಳಗೆ ಮೂಡುಬಿದಿರೆಯ ಬಸ್ ಸ್ಟ್ಯಾಂಡು ಪೂರ್ತಿ ಮಸುಕು. ಬಸ್ಸು ಯಾವುದು, ಹತ್ತುವವರು ಯಾರು ಎಂದೇ ತಿಳಿಯುತ್ತಿರಲಿಲ್ಲ. ಕನ್ನಡಕವನ್ನು ಅವನು ಎಂದಿನಂತೆ ಮನೆಯಲ್ಲೇ ಬಿಟ್ಟು ಬಂದಿದ್ದ. "ನನ್ನ ಕಣ್ಣಿಗೆ ಇದು ಆಗುವ ಮಾತಲ್ಲ" ಎಂದು ಕೆಳಗಿಳಿಸಲು ಹೊರಟವನನ್ನು ಉಮ್ಮರ್ ತಡೆದು, ಕಿಂಡಿಯ ಪಕ್ಕದಲ್ಲಿದ್ದ ಹೆಸರುಕಾಳಿನಷ್ಟು ಚಿಕ್ಕ ಚಕ್ರವನ್ನು ಉಗುರಿನಿಂದ ತಿರುಗಿಸತೊಡಗಿದ. ಒಂದು ಹಲ್ಲು, ಎರಡು ಹಲ್ಲು. ಮೂರನೆಯದಕ್ಕೆ ಎದುರಿನ ಬಸ್ಸಿನ ಬೋರ್ಡು ತಟ್ಟನೆ ಎದ್ದು ಬಂತು. ವೇಣೂರು, ಬೆಳ್ತಂಗಡಿ. ಕಂಡಕ್ಟರನ ಕಿವಿಗೆ ಸಿಕ್ಕಿಸಿದ ಪೆನ್ನಿನ ನೀಲಿ ಮುಚ್ಚಳವೂ ಕಂಡಿತು.

"ಓ!" ಎಂದ ಗುರುವಪ್ಪ. ಅರುವತ್ತೊಂದರ ಗಂಡಸು ಅಂಗಡಿಯೊಳಗೆ ನಿಂತು ಹಾಗೆ ಕೂಗಿದ್ದಕ್ಕೆ ಮಗಳು ಹರ್ಷಿತಾ ಸುತ್ತಮುತ್ತ ನೋಡಿದಳು. ಅವಳು ಮಿಜಾರಿನ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ಮೇಲೆ ರಜೆ ಹಾಕಿ ಅಪ್ಪನ ಜೊತೆ ಬಂದಿದ್ದಳು.

"ಅದು ನಿಮ್ಮ ಕಣ್ಣಿಗೆ ಬೇಕಾದ ಹಾಗೆ ತಿರುಗ್ತದೆ" ಎಂದು ಉಮ್ಮರ್ ತನ್ನದೇ ಆವಿಷ್ಕಾರವೆಂಬಂತೆ ಹೇಳಿದ. "ಮುಖಕ್ಕೆ ಒತ್ತಿ ಹಿಡಿದರೆ ಕೈ ಅಲುಗುವುದಿಲ್ಲ. ಬೆಳಕು ಕಡಿಮೆ ಇದ್ದರೂ ಒಳ್ಳೆ ಬರ್ತದೆ. ಇನ್ನು ಈ ಚಿಕ್ಕದು ನೋಡಿ. ಅಂಗಿಯ ಕಿಸೆಯಲ್ಲಿ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಈಗ ಹಾಸ್ಟೆಲಿನ ಮಕ್ಕಳಿಗೆ ಇದೇ ಬೇಕಂತೆ. ಅಪ್ಪ ಅಮ್ಮ ಹಳತಾಯ್ತು ಅಂತ ಬಿಸಾಡಿದ್ದನ್ನು ಮಕ್ಕಳು ಹುಡುಕಿಕೊಂಡು ಬರ್ತಾರೆ!"

ಬೆಳ್ಳಿ ಬಣ್ಣದ ಆ ಪುಟ್ಟ ಕ್ಯಾಮೆರಾ ಗುರುವಪ್ಪನ ಅಂಗೈಯಲ್ಲಿ ಮುಳುಗಿಯೇ ಹೋಯಿತು. ರಬ್ಬರ್ ಕತ್ತಿ ಹಿಡಿದು ದಪ್ಪಗಾದ ಬೆರಳು ಅವನದು; ಒಂದು ಗುಂಡಿ ಒತ್ತಿದರೆ ಪಕ್ಕದ್ದೂ ಒತ್ತುತ್ತಿತ್ತು. ಹಿಂದಿನ ಪರದೆಯನ್ನು ನೋಡಲು ಕೈಯನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿದ. ಏನೂ ಕಾಣಲಿಲ್ಲ.

"ಮದುವೆಗಾ?" ಎಂದು ಉಮ್ಮರ್ ಹರ್ಷಿತಾಳ ಕಡೆ ನೋಡಿ ನಕ್ಕ.

"ಇಲ್ಲ ಉಮ್ಮರಾಕ" ಎಂದಳು ಅವಳು.

"ಮತ್ತೆ ಎಂತ ತೆಗೆಯಲಿಕ್ಕೆ?"

ಗುರುವಪ್ಪ ಸ್ವಲ್ಪ ಹೊತ್ತು ಕೌಂಟರಿನ ಗಾಜನ್ನೇ ಉಜ್ಜಿದ. ಮಾತಿನಲ್ಲಿ ಅವನು ಮಹಾ ಜಿಪುಣ. "ಒಬ್ಬರು ನಗುವುದನ್ನು ತೆಗೆಯಲಿಕ್ಕೆ ಉಂಟು" ಎಂದ ಕೊನೆಗೆ. "ಸೋಮವಾರದ ಒಳಗೆ."

ಉಮ್ಮರ್‌ನ ನಗು ನಿಂತಿತು. ಹರ್ಷಿತಾ ತಲೆ ತಗ್ಗಿಸಿದ್ದನ್ನು ನೋಡಿ ಅವನು ಮುಂದೆ ಕೇಳಲಿಲ್ಲ. ಎರಡನ್ನೂ ಒಂದೇ ಚೀಲದಲ್ಲಿ ಇಟ್ಟು, "ಎರಡೂ ಕೊಂಡುಹೋಗಿ. ಮಕ್ಕಳಿಗೆ ದಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವಂಥದ್ದೇ ಇವು. ಯಾವುದು ಆಗ್ತದೆ ನೋಡಿ, ಆಗದ್ದನ್ನು ಸೋಮವಾರ ಇಲ್ಲಿ ಬಿಟ್ಟು ಹೋಗಿ" ಎಂದ.

ಗುರುವಪ್ಪನ ಹೆಂಡತಿ ಅಮ್ಮಣಿಯ ಬಲಗೆನ್ನೆಯ ಒಳಗೆ ಹುಣ್ಣಾಗಿ ಮೂರು ತಿಂಗಳಾಗಿತ್ತು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಇಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಸುಣ್ಣ ಹೆಚ್ಚಾಗಿ ಸುಟ್ಟದ್ದು ಎಂದು ಅವಳೂ, ಹೌದಿರಬೇಕು ಎಂದು ಅವನೂ ಎರಡು ತಿಂಗಳು ಕಳೆದರು. ಆಮೇಲೆ ಹರ್ಷಿತಾ ಜಗಳ ಮಾಡಿ ಮಂಗಳೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು. ಬೇಗ ಗೊತ್ತಾಗಿದೆ, ಹೆದರಬೇಡಿ, ಸೋಮವಾರ ಬಂದು ಸೇರಿ, ಆ ಭಾಗವನ್ನು ತೆಗೆದುಬಿಡುವ ಎಂದರು. ಅಮ್ಮಣಿ ಹೊರಗೆ ಹೋದ ಮೇಲೆ, "ಬಾಯಿಯ ಬಲಮೂಲೆ ಸ್ವಲ್ಪ ಎಳೆದ ಹಾಗೆ ಆಗಬಹುದು. ನಗುವಾಗ ವ್ಯತ್ಯಾಸ ಗೊತ್ತಾದೀತು" ಎಂದೂ ಸೇರಿಸಿದರು.

ಉಳಿದದ್ದೆಲ್ಲ ಗುರುವಪ್ಪನಿಗೆ ಅರ್ಥವಾಯಿತು. ಈ ಒಂದು ಮಾತು ಮಾತ್ರ ಒಳಗೆ ಇಳಿಯಲಿಲ್ಲ. ಯಾಕೆಂದರೆ ಅಮ್ಮಣಿಯ ನಗು ಶುರುವಾಗುವುದೇ ಬಲಗಡೆಯ ಮೂಲೆಯಿಂದ. ಮೊದಲು ಅಲ್ಲೊಂದು ಸಣ್ಣ ಗುಳಿ ಬೀಳುತ್ತದೆ. ಆಮೇಲೆ ತುಟಿ ಬಿಚ್ಚುತ್ತದೆ. ಆಮೇಲೆ ಬಿಕ್ಕಳಿಕೆಯಂಥ ಒಂದು ಸದ್ದು. ಇದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿದೆಯೆಂದು ಅವಳಿಗೆ ಮದುವೆಗೆ ಮುಂಚಿನಿಂದಲೂ ನಾಚಿಕೆ, ಎಲೆ ಅಡಿಕೆಯ ಕೆಂಪು ಬೇರೆ. ನಗು ಬರುತ್ತದೆ ಎನ್ನುವಾಗಲೇ ಅವಳ ಕೈ ಬಾಯಿಗೆ ಹೋಗಿರುತ್ತದೆ.

ಗುರುವಪ್ಪನಿಗೆ ಗೊತ್ತಾದದ್ದು ರಬ್ಬರ್ ಮೆಷಿನಿನಿಂದಾಗಿ. ವೇಣೂರಿನಿಂದ ಒಳಗೆ, ಗುಡ್ಡದ ಬುಡದಲ್ಲಿದ್ದ ಅವರ ಮನೆಯ ಹಿಂದೆ ತಗಡಿನ ಮಾಡು ಹಾಕಿದ ಒಂದು ಶೆಡ್ಡಿತ್ತು. ಮರದಿಂದ ಇಳಿಸಿದ ಹಾಲನ್ನು ಡಿಶ್ಶಿಗೆ ಹೊಯ್ದು ಆ್ಯಸಿಡ್ ಬೆರೆಸಿ, ಹೆಪ್ಪಾದದ್ದನ್ನು ಅಲ್ಲಿಯ ಮೆಷಿನಿಗೆ ಕೊಟ್ಟು ಶೀಟ್ ಮಾಡುತ್ತಿದ್ದರು. ಅವನು ಹಿಡಿ ತಿರುಗಿಸುವವನು, ಅವಳು ಶೀಟು ಕೊಡುವವಳು. ಜಾರುವ ಶೀಟನ್ನು ಎರಡೂ ಕೈಯಿಂದ ಹಿಡಿಯದಿದ್ದರೆ ಮಡಚಿ ಹಾಳಾಗುತ್ತದೆ. ಹಾಗಾಗಿ ಅಲ್ಲಿ ನಿಂತು ನಗು ಬಂದರೆ ಅಮ್ಮಣಿಗೆ ಬಾಯಿ ಮುಚ್ಚಲು ಕೈಯಿರಲಿಲ್ಲ. ಹಿಡಿ ತಿರುಗಿಸುವವನ ಜಾಗ ಅವಳ ಬಲಕ್ಕೆ. ಮೂವತ್ತು ವರ್ಷ ಗುರುವಪ್ಪ ಆ ನಗುವನ್ನು ಹತ್ತಿರದಿಂದ ಒಬ್ಬನೇ ನೋಡಿದ್ದ. ಅದು ತನ್ನದೊಂದು ಆಸ್ತಿ ಎಂದು ಡಾಕ್ಟರ ಎದುರು ಕೂತ ಆ ದಿನದವರೆಗೂ ಅವನಿಗೆ ಹೊಳೆದಿರಲಿಲ್ಲ.

ಹರ್ಷಿತಾಳ ಫೋನಿನಲ್ಲಿ ಅಮ್ಮನ ಪಟ ಬೇಕಾದಷ್ಟಿತ್ತು. ಅಪ್ಪ ಮಗಳು ಒಂದೊಂದಾಗಿ ಸರಿಸಿ ನೋಡಿದರು. ಅರ್ಧದಲ್ಲಿ ಅಂಗೈ, ಅರ್ಧದಲ್ಲಿ ಸೆರಗು, ಉಳಿದವುಗಳಲ್ಲಿ ಬಿಗಿದ ತುಟಿ. ಫೋನೆಂದರೆ ಅಮ್ಮಣಿಗೆ, ಈಗ ತೆಗೆದು ಇನ್ನೊಂದು ಗಳಿಗೆಗೆ ನೆಂಟರ ಗ್ರೂಪಿಗೆಲ್ಲ ಹಾಕುವ ವಸ್ತು. ಅದನ್ನು ಕಂಡರೆ ಅವಳ ಕೈ ತಾನಾಗಿ ಮೇಲೆ ಹೋಗುತ್ತಿತ್ತು. "ಬೇರೆ ಕ್ಯಾಮೆರಾ ತರುವ" ಎಂದು ಗುರುವಪ್ಪ ಹೇಳಿದ್ದು ಅದಕ್ಕೆ. ದೊಡ್ಡದು ಬೇಕೋ ಚಿಕ್ಕದೋ ಎಂಬುದು ಅವನಿಗೂ ತಿಳಿದಿರಲಿಲ್ಲ.

ಕ್ಯಾಮೆರಾ ತಂದ ಆ ಶನಿವಾರ ಸಂಜೆ ಬಿಸಿಲು ಇಳಿಯುವ ಮೊದಲೇ ಅವನು ದೊಡ್ಡ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ಅಂಗಳಕ್ಕೆ ಬಂದ. ಆ ಚಕ್ರದ ಮೇಲೆ ಅವನಿಗೆ ಮನಸ್ಸು ಬಿದ್ದಿತ್ತು. ಅಮ್ಮಣಿ ಕ್ಯಾಮೆರಾವನ್ನೂ ಅವನನ್ನೂ ಒಮ್ಮೆ ನೋಡಿದಳು. ಒಳಗೆ ಹೋದಳು.

ಹೊರಗೆ ಬಂದಾಗ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ತಲೆ ಬಾಚಿ, ಕರಿಮಣಿಯನ್ನು ಸೆರಗಿನ ಮೇಲೆ ಕಾಣುವಂತೆ ಎಳೆದುಕೊಂಡಿದ್ದಳು. ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ತಂದು ಬಿಳಿ ಗೋಡೆಯ ಎದುರು ಇಟ್ಟು, ಕೈಗಳನ್ನು ಮೊಣಕಾಲಿನ ಮೇಲೆ ಜೋಡಿಸಿ, ನೆಟ್ಟಗೆ ಕೂತಳು.

"ಹೂಂ. ತೆಗೆಯಿರಿ."

ಗುರುವಪ್ಪ ಕಿಂಡಿಗೆ ಕಣ್ಣಿಟ್ಟ. ಅಮ್ಮಣಿ ಎಷ್ಟು ಸ್ಪಷ್ಟವಾಗಿ ಕಂಡಳೆಂದರೆ, ಹಣೆಯ ಕೂದಲಿನ ಬುಡದ ಬಿಳಿಯನ್ನೂ ಎಣಿಸಬಹುದಿತ್ತು. "ಸ್ವಲ್ಪ ನಗು ಮಾರಾಯ್ತಿ" ಎಂದ.

"ನಗುವುದು ಯಾಕೆ? ಅದಕ್ಕೆಲ್ಲ ನಗುವ ಪಟ ಹಾಕುವುದಿಲ್ಲ."

"ಯಾವುದಕ್ಕೆ?"

"ನನಗೆ ಗೊತ್ತಾಗುವುದಿಲ್ಲ ಅಂತ ಮಾಡಿದ್ದೀರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆಯ ಪಲ್ಯಕ್ಕೆ ಏನೆಂದು ಹೇಳುವವಳ ಹಾಗಿದ್ದಳು. "ನೀಲಾವತಿಯಕ್ಕನ ಹಾಗೆ ಮಾತ್ರ ಮಾಡಬೇಡಿ. ಕಾರ್ಡಿಗೂ ಫ್ಲೆಕ್ಸಿಗೂ ಇದೇ ಪಟ ಇರಲಿ. ಅದಕ್ಕೇ ಒಳ್ಳೆ ಸೀರೆ ಉಟ್ಟದ್ದು."

ನೀಲಾವತಿ ಆಚೆಮನೆಯವಳು, ಅಮ್ಮಣಿಯ ಗೆಳತಿ. ಹೋದ ವರ್ಷ ತೀರಿಕೊಂಡಾಗ ಮನೆಯಲ್ಲಿ ಅವಳೊಬ್ಬಳದೇ ಪಟ ಒಂದೂ ಸಿಗದೆ, ಯಾರದ್ದೋ ಮದುವೆಯ ಗುಂಪಿನಿಂದ ಅವಳನ್ನು ಕತ್ತರಿಸಿ ತೆಗೆದು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಿದ್ದರು. ಹೆಗಲ ಮೇಲೆ ಉಂಗುರ ತೊಟ್ಟ ನಾಲ್ಕು ಬೆರಳು ಹಾಗೆಯೇ ಉಳಿದಿದ್ದವು. ಉತ್ತರಕ್ರಿಯೆ ಮುಗಿದು ತಿಂಗಳಾದರೂ ಫ್ಲೆಕ್ಸ್ ಬಸ್ ಸ್ಟಾಪಿನಲ್ಲೇ ಇತ್ತು. ಬಸ್ಸಿಗೆ ಕಾಯುವವರೆಲ್ಲ ಆ ಬೆರಳು ಯಾರದ್ದೆಂದು ಚರ್ಚೆ ಮಾಡುವುದನ್ನು ಅಮ್ಮಣಿ ದಿನಾ ಕೇಳಿ ಬರುತ್ತಿದ್ದಳು.

ಕಿಂಡಿಯೊಳಗಿನ ಅಮ್ಮಣಿ ಮತ್ತೆ ಮಸುಕಾದಳು. ಈ ಸಲ ಚಕ್ರ ತಿರುಗಿಸಿ ಸರಿಯಾಗುವ ಮಸುಕು ಅದಲ್ಲ. ಇವಳು ತಿರುಗಿ ಬರುವುದಿಲ್ಲವೆಂದು ನಾನು ಲೆಕ್ಕ ಹಾಕಿದ್ದೇನೆ ಎಂದು ತಿಳಿದುಕೊಂಡಿದ್ದಾಳಲ್ಲ, ತಿಳಿದುಕೊಂಡೂ ಸೀರೆ ಉಟ್ಟು ಕೂತಿದ್ದಾಳಲ್ಲ ಎಂದುಕೊಂಡ ಗುರುವಪ್ಪ. ಅಲ್ಲ ಎಂದು ಹೇಳಬೇಕಿತ್ತು.

"ಬೆಳಕು ಸಾಲುವುದಿಲ್ಲ" ಎಂದು ಕ್ಯಾಮೆರಾ ಇಳಿಸಿ, ಅದರ ಮೂತಿಗೆ ಮುಚ್ಚಳ ಹಾಕಿದ. ಅಂಗಳದ ತುಂಬ ಬಿಸಿಲಿತ್ತು.

ಭಾನುವಾರ ಬೆಳಿಗ್ಗೆ ಅಮ್ಮಣಿ ಅವನನ್ನು ಶೆಡ್ಡಿಗೆ ಕರೆದಳು. ಅವಳು ಆಸ್ಪತ್ರೆಯಲ್ಲಿರುವಷ್ಟು ದಿನ ಶೀಟಿನ ಕೆಲಸವನ್ನು ಅವನೇ ನೋಡಬೇಕಲ್ಲ. ಇಷ್ಟು ವರ್ಷ ಹಿಡಿ ತಿರುಗಿಸಿದವನಿಗೆ ಆ್ಯಸಿಡ್ ಎಷ್ಟು, ನೀರು ಎಷ್ಟು ಎಂಬುದೇ ಗೊತ್ತಿರಲಿಲ್ಲ.

"ಈ ಮುಚ್ಚಳದಲ್ಲಿ ಒಂದೂವರೆ. ಹೆಚ್ಚಾದರೆ ಶೀಟು ಬಿರುಸಾಗ್ತದೆ. ನೊರೆ ತೆಗೆಯದಿದ್ದರೆ ಗುಳ್ಳೆ ಬರ್ತದೆ. ತಲೆಯಲ್ಲಿ ಉಳಿಯಿತಾ?" ಎಂದು ಅವಳು ಹೇಳುತ್ತಾ ಹೋದಳು. ಬೀಗದ ಕೈ ಒಪ್ಪಿಸಿ ಹೊರಡುವವರ ಮಾತಿನ ಹಾಗಿತ್ತು ಅದು. ನಿನ್ನೆ ಹೆಪ್ಪಿಗಿಟ್ಟದ್ದನ್ನು ಎತ್ತಿ, ಅಂಚು ತಟ್ಟಿ, ಮೆಷಿನಿನ ಬಾಯಿಗೆ ಹಿಡಿದು, "ಹೀಗೆ ಕೊಡಬೇಕು, ನೋಡಿಕೊಳ್ಳಿ. ಹೂಂ, ತಿರುಗಿಸಿ" ಎಂದಳು.

ಗುರುವಪ್ಪ ತಿರುಗಿಸಿದ. ಅಂಗಿಯ ಕಿಸೆಯಲ್ಲಿ ಚಿಕ್ಕ ಕ್ಯಾಮೆರಾ ಇತ್ತು. ಅವಳ ಎರಡೂ ಕೈ ಶೀಟಿನಲ್ಲಿತ್ತು. ನಗಿಸುವುದು ಹೇಗೆ ಎಂದು ರಾತ್ರಿಯಿಡೀ ಯೋಚಿಸಿದ್ದ. ಹಳೆಯ ತಮಾಷೆ ಎರಡು ಮೂರನ್ನು ಬಾಯಿಪಾಠವೂ ಮಾಡಿದ್ದ. ಆದರೆ ಬಾಯಿಗೆ ಬಂದದ್ದು ಬೇರೆ.

"ಅದು ಫ್ಲೆಕ್ಸಿಗೆ ಅಲ್ಲ."

"ಎಂತದು?"

"ಕ್ಯಾಮೆರಾ." ಅವನು ಹಿಡಿಯನ್ನೇ ನೋಡುತ್ತ ಹೇಳಿದ. "ಆಪರೇಷನ್ ಆದ ಮೇಲೆ ನಿನ್ನ ನಗು ಸ್ವಲ್ಪ ಬೇರೆ ಆಗ್ತದಂತೆ. ಡಾಕ್ಟರು ಹೇಳಿದರು. ಈಗಿನದ್ದು ಒಂದು ನನ್ನ ಹತ್ತಿರ ಇರಲಿ ಅಂತ. ನೀನು ಬರ್ತೀಯಾ ಇಲ್ಲವಾ ಅಂತ ಅಲ್ಲ. ಬಂದೇ ಬರ್ತಿ. ನನಗೆ ನಿನ್ನ ನಗು ಅಂದರೆ..." ಅಲ್ಲಿಗೆ ಅವನ ಮಾತಿನ ಚೀಲ ಖಾಲಿಯಾಯಿತು. "ಇಲ್ಲಿಂದ ನೋಡಿದರೆ ಚಂದ ಕಾಣ್ತದೆ" ಎಂದು ಮುಗಿಸಿದ.

ಅಮ್ಮಣಿ ಅವನ ಮುಖವನ್ನೇ ನೋಡಿದಳು. ಮದುವೆಯಾದಂದಿನಿಂದ ಇವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಮೂವತ್ತು ವರ್ಷ ಇದನ್ನಾ ನೋಡಿದ್ದು ನೀವು? ನಾನು ಶೀಟು ನೋಡುವುದು ಅಂತ ಮಾಡಿದ್ದೆ!"

ಬಲಮೂಲೆಯಲ್ಲಿ ಗುಳಿ ಬಿತ್ತು.

ಗುರುವಪ್ಪನ ಬಲಗೈ ಹಿಡಿಯ ಮೇಲಿತ್ತು. ಎಡಗೈಯಿಂದ ಗಡಿಬಿಡಿಯಲ್ಲಿ ಕಿಸೆಯಿಂದ ಕ್ಯಾಮೆರಾ ಎಳೆದ. ಅದರ ಗುಂಡಿಯೆಲ್ಲ ಬಲಗೈಯವರಿಗೆ ಮಾಡಿದ್ದು. ಅತ್ತ ತಿರುಗಿಸಿ, ಇತ್ತ ತಿರುಗಿಸಿ, ತಲೆಕೆಳಗು ಮಾಡಿ, ಹೇಗೋ ಚಾಲೂ ಮಾಡಿ ಕೈ ಚಾಚಿದ. ಪರದೆಯಲ್ಲಿ ಬಿಳಿ, ಕಪ್ಪು, ಮತ್ತೊಂದಿಷ್ಟು ಬಿಳಿ. ಬೆರಳಿಗೆ ಸಿಕ್ಕಿದ ಗುಂಡಿಯನ್ನು ಒತ್ತಿಯೇ ಬಿಟ್ಟ. ಕ್ಯಾಮೆರಾ ಕುಂಯ್ ಎಂದು ಮೂತಿಯನ್ನು ಒಳಗೆಳೆದುಕೊಂಡು ಕಣ್ಣು ಮುಚ್ಚಿತು.

"ಏ, ಇದೆಂತ! ಸತ್ತಿತಾ?" ಎಂದು ಅವನು ಅದನ್ನು ಕೊಡವಿದ. ಮತ್ತೆ ಒತ್ತಿದ, ಮೂತಿ ಹೊರಗೆ ಬಂತು. ಮತ್ತೆ ಒತ್ತಿದ, ಒಳಗೆ ಹೋಯಿತು.

ಅಮ್ಮಣಿಗೆ ತಡೆಯಲಾಗಲಿಲ್ಲ. ಶೀಟು ಅರ್ಧ ಮೆಷಿನಿನ ಒಳಗೆ, ಅರ್ಧ ಅವಳ ಕೈಯಲ್ಲಿ. ಬಿಕ್ಕಳಿಕೆಯಂಥ ಆ ಸದ್ದು ತಗಡಿನ ಮಾಡಿಗೆ ಬಡಿದು ಶೆಡ್ಡೆಲ್ಲ ತುಂಬಿತು. "ತಿರುಗಿಸಿ ಮಾರಾಯ್ರೇ, ಶೀಟು ಹಾಳಾಯ್ತು!" ಎನ್ನುತ್ತ, ಕಣ್ಣಿನಿಂದ ನೀರು ಸುರಿಸಿಕೊಂಡು ನಕ್ಕಳು. ಕೊನೆಗೆ ಶೀಟನ್ನು ಹಾಗೇ ಬಿಟ್ಟು, ಹಾಲು ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

ಹರ್ಷಿತಾ ಓಡಿ ಬಂದು ಕ್ಯಾಮೆರಾ ನೋಡಿದಳು. ಒಂದೇ ಒಂದು ಪಟ ಸಿಕ್ಕಿತ್ತು. ಅದರಲ್ಲಿದ್ದದ್ದು ಗುರುವಪ್ಪನ ಹೊಟ್ಟೆಯ ಮೇಲಿನ ಅಂಗಿಗುಂಡಿ.

ಸೋಮವಾರ ಬೆಳಿಗ್ಗೆ ಮೂವರೂ ಮೂಡುಬಿದಿರೆಯಲ್ಲಿ ಇಳಿದರು. ಮಂಗಳೂರಿನ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಉಮ್ಮರ್ ಆಗಷ್ಟೇ ಶಟರ್ ಎತ್ತಿದ್ದ. ಗುರುವಪ್ಪ ಎರಡೂ ಕ್ಯಾಮೆರಾವನ್ನು ಕೌಂಟರಿನ ಮೇಲೆ ಇಟ್ಟ. ಸಿಗಬೇಕಾದ್ದು ಸಿಗದೆ ಅವನ ಮುಖ ಬಾಡಿತ್ತು.

"ಯಾವುದು ಇಟ್ಟುಕೊಳ್ತೀರಿ?" ಎಂದ ಉಮ್ಮರ್.

"ದೊಡ್ಡದರಲ್ಲಿ ನನಗೆ ಕಾಣ್ತದೆ. ಚಿಕ್ಕದರಲ್ಲಿ..." ಗುರುವಪ್ಪ ಮುಂದೆ ಹೇಳಲಿಲ್ಲ. ಸಿಗದ ನಗುವಿಗೆ ಯಾವ ಕ್ಯಾಮೆರಾ ಆದರೇನು ಎಂದು ಅನಿಸಿತ್ತು ಅವನಿಗೆ.

ಆಗ ಹಿಂದೆ ನಿಂತಿದ್ದ ಅಮ್ಮಣಿ ಮುಂದೆ ಬಂದಳು. ದೊಡ್ಡ ಕ್ಯಾಮೆರಾವನ್ನು ಎರಡು ಬೆರಳಿನಿಂದ ಉಮ್ಮರ್‌ನ ಕಡೆಗೆ ದೂಡಿದಳು. "ಇದು ಬೇಡ. ಇದರ ಎದುರು ಕೂತರೆ ಗೋಡೆಯ ಪಟದಲ್ಲಿ ಕೂತ ಹಾಗೆ ಆಗ್ತದೆ. ಚಿಕ್ಕದು ಇರಲಿ. ಬರುವಾಗಲೂ ಬೇಕಲ್ಲ."

ಬರುವಾಗಲೂ ಎಂಬ ಮಾತು ಕಿವಿಗೆ ಬಿದ್ದು ಹರ್ಷಿತಾ ಅಮ್ಮನ ಮುಖ ನೋಡಿದಳು.

"ಅದರ ಪರದೆ ನನಗೆ ಕಾಣುವುದಿಲ್ಲವಲ್ಲ" ಎಂದ ಗುರುವಪ್ಪ.

"ನಿಮಗೆ ಯಾಕೆ ಕಾಣಬೇಕು? ತೆಗೆಯುವುದು ನಾನು."

ಉಮ್ಮರ್ ಚಿಕ್ಕ ಕ್ಯಾಮೆರಾಕ್ಕೆ ಹೊಸ ದಾರ ಕಟ್ಟಿ, ಅದನ್ನು ಅಮ್ಮಣಿಯ ಬಲಗೈಗೆ ಹಾಕಿ, ಒತ್ತುವ ಗುಂಡಿ ಯಾವುದು, ಮುಚ್ಚುವ ಗುಂಡಿ ಯಾವುದು ಎಂದು ಎರಡೆರಡು ಸಲ ತೋರಿಸಿಕೊಟ್ಟ. "ಹುಷಾರಾಗಿ ಬನ್ನಿ ಅಕ್ಕ. ಬಂದ ಮೇಲೆ ಎಲ್ಲ ಪಟ ನಾನೇ ಪ್ರಿಂಟ್ ಹಾಕಿ ಕೊಡ್ತೇನೆ" ಎಂದ.

ಬಸ್ಸು ತುಂಬಿತ್ತು. ಹರ್ಷಿತಾಳಿಗೆ ಕಿಟಕಿಯ ಪಕ್ಕ, ಅಮ್ಮಣಿಗೆ ಅವಳ ಬದಿಯಲ್ಲಿ ಸೀಟು ಸಿಕ್ಕಿತು. ಗುರುವಪ್ಪ ಆಸ್ಪತ್ರೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಮೇಲಿನ ಕಂಬಿ ಹಿಡಿದು, ನಡುವಿನ ದಾರಿಯಲ್ಲಿ ಅವರ ಕಡೆ ತಿರುಗಿ ನಿಂತ. ಪೇಟೆ ದಾಟಿದ್ದೇ ತಡ, ಡ್ರೈವರನಿಗೆ ಎಲ್ಲಿಲ್ಲದ ಅರ್ಜೆಂಟು ಶುರುವಾಯಿತು. ಮೊದಲ ತಿರುವಿಗೇ ಅಮ್ಮಣಿ ಎಡಗೈಯಿಂದ ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಲಗೈಯಲ್ಲಿ ಕ್ಯಾಮೆರಾ ಎತ್ತಿದಳು.

"ಇಲ್ಲಿ ನೋಡಿ. ನಗಿ."

"ಇಲ್ಲಿಯಾ? ಎಲ್ಲರೂ ನೋಡ್ತಾರೆ ಮಾರಾಯ್ತಿ."

"ನೋಡಲಿ. ನನ್ನನ್ನು ಎರಡು ದಿನ ಸತಾಯಿಸಿದ್ದು ಸಾಕಾಗಲಿಲ್ಲವಾ? ನಗಿ."

ಗುರುವಪ್ಪ ಪ್ರಯತ್ನಪಟ್ಟ. ರೇಷನ್ ಕಾರ್ಡಿನ ಪಟಕ್ಕೆ ನಿಂತವನ ಹಾಗೆ ಎದೆ ಸೆಟೆಸಿ, ಹಲ್ಲು ಕಚ್ಚಿ, ತುಟಿಯನ್ನು ಎರಡೂ ಕಡೆಗೆ ಎಳೆದು ನಿಂತ. ಬಸ್ಸು ಮತ್ತೊಂದು ತಿರುವಿನಲ್ಲಿ ವಾಲಿತು. ಅವನು ಸೆಟೆದ ಎದೆಯ ಸಮೇತ ಪಕ್ಕದವರ ಮೇಲೆ ಬಾಗಿ, ಮತ್ತೆ ನೆಟ್ಟಗಾಗಿ, ಅದೇ ಮುಖವನ್ನು ಪುನಃ ಹಾಕಿಕೊಂಡ.

ಅಮ್ಮಣಿಯ ಬಾಯಿಯ ಬಲಮೂಲೆಯಲ್ಲಿ ಗುಳಿ ಬಿತ್ತು. ತುಟಿ ಬಿಚ್ಚಿತು. ಒಂದು ಕೈ ಸರಳಿನಲ್ಲಿ, ಒಂದು ಕೈ ಕ್ಯಾಮೆರಾದಲ್ಲಿ. ತುಂಬಿದ ಬಸ್ಸಿನಲ್ಲಿ, ಏರಿದ ಹಲ್ಲು, ಕೆಂಪು ಎಲ್ಲ ಕಾಣುವ ಹಾಗೆ ಅವಳು ನಕ್ಕಳು. ನಗುತ್ತಲೇ ಗುಂಡಿ ಒತ್ತಿದಳು.

ಹರ್ಷಿತಾ ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿಕೊಂಡು ಪಟ ನೋಡಿದಳು. ಸ್ವಲ್ಪ ಓರೆಯಾಗಿತ್ತು. ಕಂಬಿಗೆ ಜೋತುಬಿದ್ದ ಕೈ, ಹಿಂದೆ ಯಾರದ್ದೋ ಕೊಡೆ, ನಡುವೆ ಅಪ್ಪನ ಮುಖ. ಗುರುವಪ್ಪ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ನೋಡುತ್ತಿದ್ದ.